ಹದಿನೇಳನೇ ಹಡಗಿನ ಹಾಯಿ

ನಮ್ಮ ಮನೆಯಲ್ಲಿ ಊಟಕ್ಕೆ ಚಾಪೆ ಹಾಸುವ ಮೊದಲು ಹಡಗುಗಳನ್ನು ಎಣಿಸಬೇಕಿತ್ತು. ಈ ನಿಯಮ ಮಾಡಿದ್ದು ಅಜ್ಜಿ. ಒಮ್ಮೆ ಅವರು ಕಣ್ಣು ಸರಿಯಾಗಿ ಕಾಣದೆ, ರಿಪೇರಿಗೆ ಬಂದಿದ್ದ ಒಂದು ಗೇಣುದ್ದದ ಹಡಗಿನ ಮೇಲೆಯೇ ಕೂತುಬಿಟ್ಟಿದ್ದರು. ಹಡಗಿಗೆ ಆದದ್ದಕ್ಕಿಂತ ಅಜ್ಜಿಗೆ ಆದ ಗಾಯವೇ ಹೆಚ್ಚು. ಒಂದು ವಾರ ಪಕ್ಕಕ್ಕೆ ವಾಲಿಕೊಂಡೇ ಕೂರುತ್ತಿದ್ದ ಅವರು ಆಮೇಲೆ ಹೇಳಿದರು: ಚಾಪೆ ಹಾಸುವ ಮೊದಲು ಎಣಿಸಿ, ಎಲ್ಲವೂ ಮೇಜಿನ ಮೇಲೆ ಉಂಟೋ ಇಲ್ಲವೋ ನೋಡಿ, ಆಮೇಲೆ ಅನ್ನ. ಎಣಿಸುವ ಕೆಲಸ ನನಗೆ ಬಂತು. ಬಟ್ಟಲು ತರುತ್ತಾ ಉಮ್ಮ ಅಡುಗೆ ಕೋಣೆಯಿಂದ "ಎಷ್ಟು?" ಎಂದು ಕೇಳುವುದು, ನಾನು "ನಾಲ್ಕು" ಅಥವಾ "ಆರು" ಎನ್ನುವುದು, ಆಮೇಲೆ ಬಿಸ್ಮಿಲ್ಲಾ. ನನಗೆ ಇಪ್ಪತ್ತನಾಲ್ಕು ವರ್ಷವಾದ ಮೇಲೂ, ಯಾರದ್ದೇ ಮನೆಯಲ್ಲಿ ಊಟಕ್ಕೆ ಕೂರುವಾಗ ಕಣ್ಣು ಒಮ್ಮೆ ಕೋಣೆಯ ಸುತ್ತ ಹೋಗಿಬರುತ್ತದೆ.

ಬಂಟ್ವಾಳ ಪೇಟೆಯಿಂದ ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿ ನಮ್ಮ ಮನೆ. ಜಗಲಿ, ನಡುಕೋಣೆ, ಅಡುಗೆ ಕೋಣೆ ಒಂದರ ಹಿಂದೆ ಒಂದು, ರೈಲಿನ ಡಬ್ಬಿಗಳ ಹಾಗೆ. ನಡುಕೋಣೆಯ ಪೂರ್ವದ ಕಿಟಕಿಯ ಕೆಳಗೆ, ಹಳೆಯ ಬಾಗಿಲನ್ನು ಅಡ್ಡ ಮಲಗಿಸಿ ನನ್ನ ತಂದೆ, ಉಪ್ಪ, ಮಾಡಿಕೊಂಡಿದ್ದ ಮೇಜು. ಬಾಗಿಲಿನ ಚಿಲಕವನ್ನು ಅವರು ಕಿತ್ತಿರಲಿಲ್ಲ. ಅದಕ್ಕೆ ಕತ್ತರಿ ನೇತುಹಾಕುತ್ತಿದ್ದರು. ಮೇಜಿನ ಮೇಲೆ ಚಿಮುಟ, ಬ್ಲೇಡು, ಉಪ್ಪು ಕಾಗದದ ತುಂಡುಗಳು, ಗೋಂದಿನ ಡಬ್ಬಿ, ದಾರಕ್ಕೆ ಉಜ್ಜುವ ಜೇನುಮೇಣದ ಉಂಡೆ. ಮೇಣ ಉಜ್ಜಿದ ದಾರ ಗಂಟಿನಲ್ಲಿ ಜಾರುವುದಿಲ್ಲ. ದಾರಕ್ಕೆ ಮೇಣ ಉಜ್ಜುವುದು ನಾನು ಕಲಿತ ಮೊದಲ ಕೆಲಸ. ಅದರ ವಾಸನೆ ನಡುಕೋಣೆಗೂ, ಅಲ್ಲಿ ಮಲಗುತ್ತಿದ್ದ ನನ್ನ ಹೊದಿಕೆಗೂ, ಶಾಲೆಯ ಚೀಲಕ್ಕೂ ಅಂಟಿಕೊಂಡಿತ್ತು.

ಉಪ್ಪ ಪ್ರಾಯದಲ್ಲಿ ಗಲ್ಫಿಗೆ ಹೋಗಿ, ಮರದ ಹಡಗು ಕಟ್ಟುವ ಒಂದು ಅಂಗಳದಲ್ಲಿ ಒಂಬತ್ತು ವರ್ಷ ಬಡಗಿಯಾಗಿದ್ದವರು. ದೊಡ್ಡ ಹಡಗಿನ ಕೆಲಸ ಕಡಿಮೆಯಾದಾಗ ಅಲ್ಲಿಯವರು ಅಂಗಡಿಗಳಿಗೆಂದು ಸಣ್ಣ ಹಡಗುಗಳನ್ನು ಮಾಡಿಸುತ್ತಿದ್ದರಂತೆ. ಕಚ್ಛದ ಕಡೆಯ ಒಬ್ಬ ಮುದುಕ ಬಡಗಿ ಅದನ್ನು ಉಪ್ಪನಿಗೆ ಕಲಿಸಿದ. ಬೆನ್ನು ನೋವು ಬಂದು ಊರಿಗೆ ಮರಳಿದ ಮೇಲೆ ಉಪ್ಪ ಮೂಡುಬಿದಿರೆ ಹತ್ತಿರ ಮಿಜಾರಿನ ಒಂದು ಕಾಲೇಜಿನ ಹಾಸ್ಟೆಲಿನಲ್ಲಿ ಬಡಗಿ ಕೆಲಸಕ್ಕೆ ಸೇರಿದರು. ಮುರಿದ ಮಂಚ, ಕಿತ್ತ ಬಾಗಿಲು, ಹುಡುಗರು ಹೆಸರು ಕೆತ್ತಿದ ಮೇಜು. ಸೋಮವಾರ ಬೆಳಿಗ್ಗೆ ಮೂಡುಬಿದಿರೆ ಬಸ್ಸಿಗೆ ಹೋದರೆ ಶುಕ್ರವಾರ ಸಂಜೆ ವಾಪಸು. ಶನಿವಾರ ಮತ್ತು ಭಾನುವಾರ ಹಡಗುಗಳಿಗೆ. ಇದು ಅವರ ಹೊಟ್ಟೆಪಾಡಲ್ಲ, ಹವ್ಯಾಸ. ಕೆಲವರು ಇಸ್ಪೀಟು ಆಡುತ್ತಾರೆ, ಕೆಲವರು ಗಾಳ ಹಿಡಿದು ಹೊಳೆಗೆ ಹೋಗುತ್ತಾರೆ. ಉಪ್ಪ ಕಿಟಕಿಯ ಕೆಳಗೆ ಕೂತು ಕಡ್ಡಿಯಷ್ಟು ಮರಕ್ಕೆ ಕೂದಲಿನಷ್ಟು ದಾರ ಕಟ್ಟುತ್ತಿದ್ದರು.

ನಮ್ಮ ಕಡೆ ಗಲ್ಫಿಗೆ ಹೋಗಿಬಂದವರ ಮನೆಯ ಶೋಕೇಸಿನಲ್ಲಿ ಒಂದು ಹಡಗು ಇರುತ್ತದೆ. ಪಿಂಗಾಣಿ ಬಟ್ಟಲು, ಅತ್ತರಿನ ಬಾಟಲಿ, ನಡುವೆ ಹಡಗು. ವಿಮಾನದ ಸಾಮಾನಿನಲ್ಲಿಯೇ ಅರ್ಧ ಹಡಗುಗಳ ಹಾಯಿಮರ ಮುರಿಯುತ್ತಿತ್ತು. ಉಳಿದವನ್ನು ನಮ್ಮ ಮಳೆಗಾಲ ನೋಡಿಕೊಳ್ಳುತ್ತಿತ್ತು. ಗೋಂದು ಬಿಡುವುದು, ಹಾಯಿಗೆ ಬೂಷ್ಟು ಹಿಡಿಯುವುದು, ದಾರ ಕೊಳೆಯುವುದು. ಸೆಪ್ಟೆಂಬರಿನಲ್ಲಿ ಜನ ಶೋಕೇಸು ಒರೆಸಲು ತೆಗೆದಾಗ ವಿಷಯ ಗೊತ್ತಾಗಿ, ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬರುತ್ತಿದ್ದರು. ಉಮ್ಮ ಅದಕ್ಕೆ ಹಡಗಿನ ಆಸ್ಪತ್ರೆ ಎಂದು ಹೆಸರಿಟ್ಟಿದ್ದರು. ಉಪ್ಪನದ್ದೇ ಒಂದು ಹಡಗೂ ಇತ್ತು. ಹಾಸ್ಟೆಲಿನಲ್ಲಿ ಎಸೆದ ಹಲಸಿನ ಮರದ ತುಂಡುಗಳಿಂದ, ಪಕ್ಕೆಲುಬು ಒಂದೊಂದಾಗಿ ಕೂರಿಸಿ ಕಟ್ಟುತ್ತಿದ್ದದ್ದು. ಅದು ಮುಗಿಯುತ್ತಿರಲಿಲ್ಲ. ಯಾರದ್ದಾದರೂ ಹಡಗಿಗೆ ಮರ ಬೇಕಾದಾಗ ಉಪ್ಪ ತಮ್ಮದರಿಂದ ಕಿತ್ತು ಕೊಡುತ್ತಿದ್ದರು.

"ನಿಮ್ಮ ಹಡಗು ಹೊರಡುವಾಗ ನನಗೊಮ್ಮೆ ಹೇಳಿ ಮಾರಾಯ್ರೆ," ಎನ್ನುತ್ತಿದ್ದರು ಉಮ್ಮ. "ಇಸ್ತ್ರಿ ಹಾಕಲಿಕ್ಕೆ ನನಗೆ ಒಂದು ಮೇಜು ಸಿಗ್ತದೆ."

"ಹೊರಡ್ತದೆ, ಹೊರಡ್ತದೆ. ಗಾಳಿ ಬರಲಿ."

"ಗಾಳಿ ಬಂದ್ರೆ ಕಿಟಕಿ ಹಾಕುವವರು ನೀವೇ ಅಲ್ಲವಾ?"

ನಾನು ಐದನೇ ತರಗತಿಯಲ್ಲಿದ್ದಾಗ ಉಪ್ಪ ಹಾಸ್ಟೆಲಿನಿಂದ ಬಳಸದೆ ಉಳಿದ ಒಂದು ಹಾಜರಿ ಪುಸ್ತಕ ತಂದರು. ನೀಲಿ ರಟ್ಟು, ಒಳಗೆ ಸಣ್ಣ ಸಣ್ಣ ಚೌಕ. ಅವರು ನಾಲ್ಕನೆಯವರೆಗೆ ಓದಿದವರು. ಅಕ್ಷರ ಕೂಡಿಸಿ ಓದುತ್ತಿದ್ದರು, ಬರೆಯಲು ಕೈ ಬರುತ್ತಿರಲಿಲ್ಲ. ನನ್ನ ಅಕ್ಷರ ದುಂಡಗಿತ್ತು. ಚೌಕಗಳನ್ನು ಲೆಕ್ಕಿಸದೆ ಸ್ಕೇಲು ಇಟ್ಟು ನಾನು ಐದು ಕಾಲಂ ಎಳೆದೆ: ಸಂಖ್ಯೆ, ಬಂದ ದಿನ, ಯಾರದ್ದು ಮತ್ತು ಏನಾಗಿದೆ, ಏನು ಮಾಡಿದ್ದು, ಹೋದ ದಿನ. ಉಪ್ಪ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. "ಹಾಯಿಮರ ಬುಡದಲ್ಲಿ ತುಂಡು. ಚುಕ್ಕಾಣಿ ಇಲ್ಲ. ಹಿಂಬದಿ ಹಗ್ಗ ಏಳರಲ್ಲಿ ಮೂರು ಮಾತ್ರ ಉಂಟು." ನಾನು ಹಗ್ಗಗಳನ್ನು ಎಣಿಸಿ ಬರೆದೆ, ಗಂಟುಗಳನ್ನು ಎಣಿಸಿ ಬರೆದೆ, ಕೊನೆಗೆ ಉಪ್ಪ ಕೇಳದಿದ್ದರೂ ಮೊಳೆಗಳನ್ನೂ ಎಣಿಸಿದೆ. ನನ್ನ ದಿನಚರಿ ಶುರುವಾದದ್ದು ಹೀಗೆ. ಬೇರೆ ಮಕ್ಕಳು ಏನು ಅನ್ನಿಸಿತು ಎಂದು ಬರೆಯುವ ವಯಸ್ಸಿನಲ್ಲಿ ನಾನು ಎಷ್ಟು ಎಂದು ಬರೆಯುತ್ತಿದ್ದೆ.

ಪುಸ್ತಕಕ್ಕೆ ಬೇಗನೆ ಒಂದು ಮರ್ಯಾದೆ ಬಂತು. ಅಳದಂಗಡಿಯಿಂದ ಬಂದ ಒಬ್ಬರು ತಮ್ಮ ಹಡಗನ್ನು ವಾಪಸು ಒಯ್ಯುವಾಗ, ಇದರಲ್ಲಿ ಎರಡು ಬಾವುಟ ಇತ್ತು, ಈಗ ಒಂದೇ ಉಂಟು ಎಂದರು. ಉಪ್ಪ ವಾದ ಮಾಡಲಿಲ್ಲ. "ಪುಸ್ತಕ ತಾ ಮಗಳೇ," ಎಂದರು. ನಾನು ಎದ್ದು ನಿಂತು, ಶಾಲೆಯಲ್ಲಿ ಓದಿದ ಹಾಗೆ ಓದಿದೆ: "ಬಾವುಟ ಒಂದು, ಕೆಂಪು, ತುದಿ ಹರಿದಿದೆ." ಅವರು ತಲೆ ಕೆರೆದುಕೊಂಡು ಮನೆಗೆ ಫೋನು ಮಾಡಿದರು. ಎರಡನೆಯ ಬಾವುಟ ಅವರ ಮೊಮ್ಮಗನ ಆಟಿಕೆ ಲಾರಿಯ ಮೇಲಿತ್ತು. ಅವರು ನಗುತ್ತಾ ಹೋದರು. ಅಂದಿನಿಂದ ಮನೆಯಲ್ಲಿ ಏನೇ ಚರ್ಚೆ ಬಂದರೂ ಉಪ್ಪನ ಕೊನೆಯ ಮಾತು ಒಂದೇ: "ಪುಸ್ತಕದಲ್ಲಿ ಉಂಟಾ? ಹಾಗಾದ್ರೆ ಆಯ್ತು." ಅಜ್ಜಿಗೆ ಬೆಳಿಗ್ಗೆ ಮಾತ್ರೆ ಕೊಟ್ಟದ್ದು ಹೌದೋ ಅಲ್ಲವೋ ಎಂಬುದನ್ನೂ ನಾನು ಅದರ ಹಿಂದಿನ ಪುಟಗಳಲ್ಲಿ ಬರೆಯತೊಡಗಿದೆ. ಉಪ್ಪ ಹಾಗೆ ಹೇಳಿದಾಗಲೆಲ್ಲ ನನ್ನ ಬೆನ್ನು ನೆಟ್ಟಗಾಗುತ್ತಿತ್ತು.

ಹದಿನೇಳನೇ ಹಡಗು ಬಂದದ್ದು ನಾನು ಏಳನೆಯಲ್ಲಿದ್ದಾಗ, ಒಂದು ಶನಿವಾರ. ತಂದವರು ಲೀಲಕ್ಕ. ವಿಟ್ಲದಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಅವರಿಗೊಂದು ಹೊಲಿಗೆ ಅಂಗಡಿ. ಉಪ್ಪನಿಗೆ ಅವರ ಪರಿಚಯ ಮೊದಲು ಇರಲಿಲ್ಲ, ಯಾರೋ ಹೇಳಿ ಕಳಿಸಿದ್ದರು. ಹಡಗನ್ನು ಮಡಿಲಿನಲ್ಲಿ ಇಟ್ಟುಕೊಂಡು ಎರಡು ಬಸ್ಸು ಹತ್ತಿ ಇಳಿದು ಬಂದಿದ್ದರು. ಕತ್ತಿನಲ್ಲಿ ಅಳತೆಯ ಟೇಪು ಹಾಗೇ ಇತ್ತು. ತೆಗೆದಿಡಲು ಮರೆತಿರಬೇಕು. ಮನೆಯಲ್ಲಿ ನಾವು ಮಾತಾಡುವುದು ಬ್ಯಾರಿ, ಲೀಲಕ್ಕನ ಜೊತೆ ಆಡಿದ್ದು ತುಳು. ಇಲ್ಲಿ ಎರಡನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನನ್ನ ತಮ್ಮ ದಿನೇಶ ತಂದದ್ದು, ಹಮೀದಾಕ," ಎಂದರು. ಊರಿನವರಿಗೆ ಉಪ್ಪ ಹಮೀದಾಕ. "ಗಲ್ಫಿನಲ್ಲಿ ಅವ ಟೈಲರ್ ಆಗಿದ್ದ. ಹಾಯಿ ಇಲ್ಲದ ಹಡಗು ಸಿಕ್ಕಿತಂತೆ. ರೂಮಿನಲ್ಲಿ ಕೂತು ಅವನೇ ಹಾಯಿ ಹೊಲಿದು ಹಾಕಿದ್ದು. ಮುಂದಿನ ವರ್ಷ ಅವ ಅಲ್ಲಿಯೇ ತೀರಿಹೋದ. ಹೃದಯ."

ಉಪ್ಪ ಹಡಗನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

"ಶೋಕೇಸಿನ ಹಲಗೆ ಬಿದ್ದು ಹಾಯಿಮರ ಮುರಿಯಿತು," ಎಂದರು ಲೀಲಕ್ಕ. "ಮರ ಮಾತ್ರ ಸರಿ ಮಾಡಿ. ಹಾಯಿಗೆ ಬೂಷ್ಟು ಬಂದಿದೆ, ತೊಳೆದು ಹಾಕಿದ್ರೆ ಸಾಕು."

ನಾನು ಬರೆದೆ: "ಹಾಯಿಮರ ನಡುವಿನಲ್ಲಿ ತುಂಡು. ಹಾಯಿಗೆ ಬೂಷ್ಟು. ಹಾಯಿ ತಮ್ಮ ಹೊಲಿದದ್ದು." ಕೊನೆಯ ವಾಕ್ಯವನ್ನು ಯಾರೂ ಬರೆಯಲು ಹೇಳಿರಲಿಲ್ಲ. ಹಾಗಾಗಿ ನನಗೆ ಗೊತ್ತಿರಲಿಲ್ಲ ಎಂದು ನಾನು ಯಾವತ್ತೂ ಹೇಳುವ ಹಾಗಿಲ್ಲ.

ಭಾನುವಾರ ಉಪ್ಪ ತಮ್ಮ ಹಡಗಿನ ಹಾಯಿಮರವನ್ನೇ ಕಿತ್ತು, ತುದಿ ಕೆತ್ತಿ ಲೀಲಕ್ಕನದ್ದಕ್ಕೆ ಕೂರಿಸಿದರು. ಹಾಯಿಯನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. "ತಣ್ಣೀರಲ್ಲಿ ನೆನೆಸು. ಉಜ್ಜಬೇಡ. ನೆರಳಲ್ಲಿ ಒಣಗಿಸು. ಶುಕ್ರವಾರ ಬಂದು ನಾನು ಕಟ್ತೇನೆ." ಮೂರು ವಾಕ್ಯ, ಮೂರನ್ನೂ ಬರೆದುಕೊಂಡೆ. ಸೋಮವಾರ ತಣ್ಣೀರಲ್ಲಿ ನೆನೆಸಿದೆ. ಮಂಗಳವಾರ ಒಣಗಿದಾಗ ಕಪ್ಪು ಚುಕ್ಕೆಗಳು ಹಾಗೇ ಇದ್ದವು. ಎಣಿಸಿದರೆ ನಲವತ್ತೊಂದು. ಶುಕ್ರವಾರ ಉಪ್ಪ ಬಂದು ನೋಡಿದಾಗ ಒಂದೂ ಇರಬಾರದು ಎಂದು ನನಗೆ ಅನ್ನಿಸಿತು. ಬಾವಿಗೆ ಹಾಕಲು ತಂದಿಟ್ಟ ಬ್ಲೀಚಿಂಗ್ ಪೌಡರ್ ಬಚ್ಚಲಿನ ಮೂಲೆಯಲ್ಲಿತ್ತು. ಬಿಸಿ ನೀರಿಗೆ ಒಂದು ಚಮಚ ಹಾಕಿದೆ, ಸಾಲದೆಂದು ಇನ್ನೊಂದು ಹಾಕಿದೆ. ಚುಕ್ಕೆಗಳು ಹೋದವು. ಎತ್ತಿದಾಗ ನಡುವಿನ ಬಟ್ಟೆಯೂ ಹೋಯಿತು. ಬೂಷ್ಟು ತಿಂದ ಜಾಗಗಳೆಲ್ಲ ನೆನೆದ ಕಾಗದದ ಹಾಗೆ ಬೆರಳಿಗೆ ಅಂಟಿ ಬಂದವು. ಅಂಚು ಮಾತ್ರ, ಬಟ್ಟೆ ಎರಡು ಪದರ ಮಡಿಚಿ ಹೊಲಿದದ್ದರಿಂದ, ಉಳಿದಿತ್ತು.

ನಾನು ಅಳಲಿಲ್ಲ. ಬುಧವಾರ ಶಾಲೆಗೆ ಹೊಟ್ಟೆನೋವು ಎಂದು ಹೇಳಿ ಮನೆಯಲ್ಲಿ ಉಳಿದೆ. ಉಮ್ಮ ನಮಾಝಿಗೆ ಉಡುತ್ತಿದ್ದ ಹಳೆಯ ಬಿಳಿ ಬಟ್ಟೆ ಸವೆದು ಮೆತ್ತಗಾಗಿ ಪೆಟ್ಟಿಗೆಯಲ್ಲಿತ್ತು. ಹರಿದ ಹಾಯಿಯನ್ನು ಅದರ ಮೇಲೆ ಹರಡಿ, ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದು, ಅರ್ಧ ಬೆರಳು ಹೆಚ್ಚು ಬಿಟ್ಟು ಕತ್ತರಿಸಿದೆ. ಅಂಚು ಮಡಿಚಿ ಹೊಲಿದೆ. ಇನ್ನೂರ ಹನ್ನೆರಡು ಹೊಲಿಗೆ. ಹೊಸ ಬಟ್ಟೆ ಹಳೆಯದಾಗಿ ಕಾಣಲು ಚಹಾದಲ್ಲಿ ಅದ್ದಬೇಕೆಂಬುದು ಉಪ್ಪನಿಂದಲೇ ಕಲಿತದ್ದು. ಅದ್ದಿ, ಒಣಗಿಸಿ, ಸ್ವಲ್ಪ ಮುದುಡಿ ಬಿಡಿಸಿದೆ. ನಿಜ ಹೇಳಬೇಕೆಂದರೆ ಅಷ್ಟು ಚೆನ್ನಾಗಿ ನಾನು ಅದುವರೆಗೆ ಏನನ್ನೂ ಮಾಡಿರಲಿಲ್ಲ. ಸಂಜೆಯ ಹೊತ್ತಿಗೆ ನನ್ನ ಹೆದರಿಕೆ ಹೋಗಿ ಅದರ ಜಾಗದಲ್ಲಿ ಒಂದು ಹೆಮ್ಮೆ ಬಂದು ಕೂತಿತ್ತು. ಹರಿದ ಹಾಯಿಯನ್ನು ಅಡುಗೆ ಕೋಣೆಯಲ್ಲಿ ಚಿಂದಿ ಬಟ್ಟೆ ಹಾಕುವ ಬುಟ್ಟಿಗೆ ಸೇರಿಸಿ, ಪುಸ್ತಕ ತೆರೆದು, "ಏನು ಮಾಡಿದ್ದು" ಎಂಬ ಕಾಲಂನಲ್ಲಿ ದುಂಡಗೆ ಬರೆದೆ: "ಹಾಯಿ ತೊಳೆದು ಹಾಕಿದ್ದು."

ಶುಕ್ರವಾರ ಉಪ್ಪ ಬಂದು ಚಹಾ ಕುಡಿಯುವ ಮೊದಲೇ ಹಾಯಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ನೋಡಿದೆಯಾ, ಬೂಷ್ಟು ಪೂರಾ ಹೋಗಿದೆ," ಎಂದು ಉಮ್ಮನಿಗೆ ತೋರಿಸಿದರು. "ಕೈಯಲ್ಲಿ ಗುಣ ಉಂಟು ಇವಳಿಗೆ."

"ಹೊಟ್ಟೆನೋವಿನಲ್ಲಿಯೂ ಕೆಲಸ ಮಾಡಿದ್ದಾಳೆ," ಎಂದರು ಉಮ್ಮ. ಅವರು ಹಾಗೆಂದದ್ದು ಹೊಗಳಿಕೆಯೋ ಸಂಶಯವೋ ಎಂದು ನಾನು ಈಗಲೂ ಯೋಚಿಸುವುದುಂಟು.

ಲೀಲಕ್ಕ ಭಾನುವಾರ ಬಂದು ಹಡಗು ಒಯ್ದರು. ಮರ ಮುಟ್ಟಿ ನೋಡಿ, ಉಪ್ಪನಿಗೆ ಕೈಮುಗಿದು, ನನಗೆ ಒಂದು ಪೊಟ್ಟಣ ಚಕ್ಕುಲಿ ಕೊಟ್ಟು ಹೋದರು. ಚಕ್ಕುಲಿ ಹದಿನಾಲ್ಕು ಇದ್ದವು. ನಾನು ತಿಂದದ್ದು ಎರಡು.

ಮತ್ತೆರಡು ವಾರ ಕಳೆದು, ಭಾನುವಾರ ಬೆಳಿಗ್ಗೆ, ಅಜ್ಜಿ ನೀರುದೋಸೆ ಹೊಯ್ಯುತ್ತಿದ್ದರು. ಲೀಲಕ್ಕ ಜಗಲಿ ಹತ್ತಿ ಬಂದರು. ಮಡಿಲಿನಲ್ಲಿ ಅದೇ ಹಡಗು. ಪುನಃ ಮುರಿಯಿತೋ ಏನೋ ಎಂದು ಉಪ್ಪ ಗಾಬರಿಯಿಂದ ಎದ್ದರು.

"ಮರ ಸರಿ ಉಂಟು ಹಮೀದಾಕ," ಎಂದರು ಲೀಲಕ್ಕ. ನಿಂತೇ ಇದ್ದರು. "ಇದು ದಿನೇಶನ ಹಾಯಿ ಅಲ್ಲ."

"ಎಂತ ಹೇಳ್ತೀರಿ? ಅದೇ ಹಾಯಿ. ತೊಳೆದು ಹಾಕಿದ್ದು."

"ಅಲ್ಲ. ನಿನ್ನೆ ಅಂಗಡಿಯಲ್ಲಿ ಮಷೀನಿನ ದೀಪದ ಕೆಳಗೆ ಇಟ್ಟು ನೋಡಿದೆ. ಅವನಿಗೆ ಸೂಜಿ ಹಿಡಿಯಲಿಕ್ಕೆ ಕಲಿಸಿದವಳು ನಾನು. ಅವ ಎಡಗೈಯವ. ನಾವು ಅಂಚು ಮಡಿಚಿ ಹೆಮ್ಮಿಂಗ್ ಮಾಡಿದ್ರೆ ಹೊಲಿಗೆ ಈ ಕಡೆ ಓರೆ ಬೀಳ್ತದೆ. ಅವನದ್ದು ಆಚೆ ಕಡೆ." ಅವರು ಬೆರಳಿನಿಂದ ಗಾಳಿಯಲ್ಲಿ ಎರಡು ಗೆರೆ ಎಳೆದರು. "ಎಷ್ಟು ಬೈದ್ರೂ ಅವನ ಕೈ ತಿರುಗಲಿಲ್ಲ. ಇದು ಎಲ್ಲ ಈ ಕಡೆ ಬಿದ್ದದ್ದು. ಬಲಗೈಯವರ ಹೊಲಿಗೆ."

ಉಪ್ಪ ಹಡಗನ್ನು ತೆಗೆದುಕೊಂಡು ನೋಡಿದರು. ಅವರು ಬಡಗಿ. ಮರದ ನಾರು ಯಾವ ಕಡೆ ಓಡುತ್ತದೆ ಎಂದು ಕತ್ತಲಲ್ಲಿ ಮುಟ್ಟಿ ಹೇಳಬಲ್ಲರು. ಹೊಲಿಗೆ ಅವರಿಗೆ ಹೊಲಿಗೆ, ಅಷ್ಟೇ.

"ಪುಸ್ತಕ ತಾ ಮಗಳೇ."

ನಾನು ತಂದೆ.

"ಓದು."

ಓದಿದೆ. ಬಂದ ದಿನ ಓದಿದೆ, ಏನಾಗಿದೆ ಎಂಬುದನ್ನು ಓದಿದೆ. "ಹಾಯಿ ತಮ್ಮ ಹೊಲಿದದ್ದು" ಎಂಬಲ್ಲಿ ನನ್ನ ಸ್ವರ ಇಳಿಯಿತು. ಆಮೇಲೆ ಓದಿದೆ: "ಹಾಯಿ ತೊಳೆದು ಹಾಕಿದ್ದು."

"ಕೇಳಿದ್ರಲ್ಲ," ಎಂದರು ಉಪ್ಪ. ಸ್ವರ ಏರಿಸಲಿಲ್ಲ. "ಈ ಪುಸ್ತಕದಲ್ಲಿ ಇಲ್ಲದ್ದು ಈ ಮನೆಯಲ್ಲಿ ನಡೆಯುವುದಿಲ್ಲ ಲೀಲಕ್ಕ. ನನ್ನ ಮಗಳು ಸುಳ್ಳು ಬರೆಯುವವಳಲ್ಲ. ನಿಮಗೆ ತಮ್ಮನ ನೆನಪು ಉಂಟು, ಅದರಿಂದ ಹಾಗೆ ಕಾಣ್ತದೆ."

"ನೆನಪು ಅಲ್ಲ ಹಮೀದಾಕ, ಹೊಲಿಗೆ. ಮಗುವಿಗೆ ನಾನು ಎಂತದೂ ಹೇಳುವುದಿಲ್ಲ. ಮೂವತ್ತು ವರ್ಷದಿಂದ ನಾನು ಹೊಲಿಗೆ ನೋಡಿಯೇ ಊಟ ಮಾಡುವುದು."

"ಹಾಗಾದ್ರೆ ನಾನು ಬದಲಿಸಿದ್ದಾ? ನನಗೆ ಆ ಬಟ್ಟೆಯಿಂದ ಎಂತ ಆಗ್ಬೇಕು ಹೇಳಿ."

"ನಾನು ಹಾಗೆ ಹೇಳಲಿಲ್ಲ."

"ಮತ್ತೆ ಹೇಗೆ?"

ಉಪ್ಪನ ಕಿವಿ ಕೆಂಪಾಗಿತ್ತು. ಯಾರ ಹಡಗಿನಿಂದಲೂ ಒಂದು ಮೊಳೆ ಇಟ್ಟುಕೊಳ್ಳದ ಮನುಷ್ಯ, ತನ್ನ ಹಡಗಿನ ಮರವನ್ನೇ ಅವರಿಗೆ ಕೊಟ್ಟವರು, ಮತ್ತು ಅದನ್ನು ಹೇಳಿಕೊಳ್ಳದವರು. ಎದುರಿಗೆ ಎರಡು ಬಸ್ಸು ಹತ್ತಿ ಬಂದ ಹೆಂಗಸು, ಸರಿಯಾದದ್ದನ್ನೇ ಹೇಳುತ್ತಾ. ಇಬ್ಬರ ನಡುವೆ ನನ್ನ ದುಂಡಗಿನ ಅಕ್ಷರ. ಉಮ್ಮ ಬಾಗಿಲಿನಲ್ಲಿ ನಿಂತು, ಮೊದಲು ದೋಸೆ ತಿನ್ನುವ, ಆಮೇಲೆ ನೋಡುವ, ಎಂದರು. "ಎಷ್ಟು?" ಎಂದು ಅಭ್ಯಾಸದಿಂದ ನನ್ನನ್ನು ಕೇಳಿದರು. ಮೇಜಿನ ಮೇಲೆ ಮೂರು ಹಡಗುಗಳಿದ್ದವು, ಲೀಲಕ್ಕನದ್ದು ಸೇರಿದರೆ ನಾಲ್ಕು. ನಾನು ಸಂಖ್ಯೆ ಹೇಳದೆ ಅಡುಗೆ ಕೋಣೆಗೆ ಓಡಿದೆ.

ಬುಟ್ಟಿಯಲ್ಲಿ ಹಾಯಿ ಇರಲಿಲ್ಲ. ತಳದವರೆಗೆ ಕೈ ಹಾಕಿದೆ. ಹಳೆಯ ಬನಿಯನು, ದಿಂಬಿನ ಚೀಲ, ನನ್ನ ಸಮವಸ್ತ್ರದ ತುಂಡು. ಅಜ್ಜಿ ಒಲೆಯ ಮುಂದೆ ಕೂತು ಒಂದು ದೋಸೆ ತೆಗೆದು ನಾಲ್ಕು ಮಡಿಕೆ ಮಾಡಿ ತಟ್ಟೆಗೆ ಹಾಕಿದರು. ಆಮೇಲೆ ಎಣ್ಣೆಯ ಬಟ್ಟಲಿನಿಂದ ಬಟ್ಟೆಯ ಉಂಡೆ ಎತ್ತಿ ಕಾವಲಿಗೆ ಉಜ್ಜಿದರು. ನಮ್ಮಲ್ಲಿ ಕಾವಲಿಗೆ ಎಣ್ಣೆ ಹಚ್ಚುವುದು ಹೀಗೆಯೇ, ಮೆತ್ತಗಿನ ಹತ್ತಿ ಬಟ್ಟೆಯ ತುಂಡನ್ನು ಉಂಡೆ ಕಟ್ಟಿ. ಕೆಳಗಿನ ಭಾಗ ಕಪ್ಪಾಗಿತ್ತು. ಕೈ ಹಿಡಿಯುವ ಮೇಲಿನ ಭಾಗದಲ್ಲಿ ಒಂದು ಅಂಚು ಕಾಣುತ್ತಿತ್ತು. ಅಂಚಿನ ಹೊಲಿಗೆ ಆಚೆ ಕಡೆ ಓರೆ.

"ಅಜ್ಜಿ, ಆ ಬಟ್ಟೆ ಎಲ್ಲಿಂದ?"

"ಬುಟ್ಟಿಯಿಂದ. ಒಳ್ಳೆ ಮೆತ್ತಗೆ ಉಂಟು ಮಾರಾಯ್ತಿ. ದೋಸೆ ಒಂದೂ ಅಂಟುವುದಿಲ್ಲ. ಹದಿನೈದು ದಿನದಿಂದ ಇದೇ."

ಒಲೆಯಲ್ಲಿ ಸೌದೆ ಉರಿಯುತ್ತಿತ್ತು. ಆ ಗಳಿಗೆಯಲ್ಲಿ ನಾನು ಯೋಚಿಸಿದ್ದನ್ನು ಇಲ್ಲಿ ಬರೆಯದಿದ್ದರೆ ಇದನ್ನೆಲ್ಲ ಬರೆದು ಪ್ರಯೋಜನವಿಲ್ಲ. ಅಜ್ಜಿಯ ಕಣ್ಣು ಮಂದ. ಉಂಡೆಯನ್ನು ಒಲೆಗೆ ಹಾಕಿದರೆ ಎಣ್ಣೆಬಟ್ಟೆ ಕ್ಷಣದಲ್ಲಿ ಉರಿದು ಹೋಗುತ್ತದೆ. ಪುಸ್ತಕ ನಿಜವಾಗಿಯೇ ಉಳಿಯುತ್ತದೆ. ಲೀಲಕ್ಕ ಒಬ್ಬರೇ ಸುಳ್ಳಾಗುತ್ತಾರೆ, ಮತ್ತು ಅವರು ಮುಂದಿನ ಬಸ್ಸಿಗೆ ವಿಟ್ಲಕ್ಕೆ ಹೋಗುತ್ತಾರೆ. ನಾನು ಅಜ್ಜಿಯ ಕೈಯಿಂದ ಉಂಡೆಯನ್ನು ತೆಗೆದುಕೊಂಡೂ ಆಗಿತ್ತು. ಅದು ಬಿಸಿಯಾಗಿತ್ತು, ಬೆರಳಿನ ಸಂದಿಯಿಂದ ಎಣ್ಣೆ ಇಳಿಯುತ್ತಿತ್ತು. ಒಲೆಯ ಕಡೆ ಹೋಗದೆ ನಾನು ನಡುಕೋಣೆಗೆ ಬಂದದ್ದು ಒಳ್ಳೆಯತನದಿಂದ ಎಂದು ಹೇಳಲಾರೆ. ಆ ಓರೆ ಹೊಲಿಗೆ ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಅದನ್ನು ಕಾಣದ ಹಾಗೆ ಮಾಡಲು ನನಗೆ ಆಗಲಿಲ್ಲ, ಅಷ್ಟೇ.

ತೆರೆದಿದ್ದ ಪುಸ್ತಕದ ಮೇಲೆ ಉಂಡೆಯನ್ನು ಇಟ್ಟೆ.

"ಉಪ್ಪ, ನಾನು ಸುಳ್ಳು ಬರೆದದ್ದು. ಲೀಲಕ್ಕ ಹೇಳಿದ್ದು ಸರಿ. ತೊಳೆಯುವಾಗ ಹರಿಯಿತು. ಈ ಹಾಯಿ ನಾನು ಹೊಲಿದದ್ದು. ಆ ಹಾಯಿ... ಆ ಹಾಯಿ ಇದು."

ಉಪ್ಪ ಉಂಡೆಯನ್ನು ನೋಡಿದರು. ಅಡುಗೆ ಕೋಣೆಯಿಂದ ಅಜ್ಜಿ, "ಬಟ್ಟೆ ತಾರೆ, ಕಾವಲಿ ಒಣಗ್ತದೆ!" ಎಂದು ಕೂಗಿದರು. ಯಾರೂ ಅಲುಗಲಿಲ್ಲ. ಉಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಅವರು ತಮ್ಮ ಕುರ್ಚಿಯನ್ನು ಲೀಲಕ್ಕನ ಹತ್ತಿರ ಸರಿಸಿದರು. ಅಷ್ಟು ಹೊತ್ತೂ ಅವರನ್ನು ನಿಲ್ಲಿಸಿಯೇ ಮಾತಾಡಿದ್ದು ಆಗ ಗೊತ್ತಾಯಿತೋ ಏನೋ.

"ಕೂತುಕೊಳ್ಳಿ ಲೀಲಕ್ಕ," ಎಂದರು. "ನಿಮಗೆ ಕಂಡದ್ದು ಸರಿ. ನಾನು ನೋಡಲಿಲ್ಲ. ಪುಸ್ತಕ ಉಂಟು ಅಂತ ನೋಡುವುದನ್ನೇ ಬಿಟ್ಟೆ. ತಪ್ಪು ನನ್ನದು."

ಲೀಲಕ್ಕ ಕೂತರು. ಉಂಡೆಯ ದಾರ ಬಿಚ್ಚಿದರು. ಬಟ್ಟೆಯನ್ನು ಮಡಿಲಿನ ಮೇಲೆ ಹರಡಿ, ಸೀರೆಗೆ ಎಣ್ಣೆಯಾಗುವುದನ್ನು ಲೆಕ್ಕಿಸದೆ, ಅಂಚಿನ ಮೇಲೆ ಹೆಬ್ಬೆರಳು ಓಡಿಸಿದರು. ಒಂದು ಕಡೆಯ ಅಂಚು ಪೂರ್ತಿ ಉಳಿದಿತ್ತು, ಇನ್ನೊಂದು ಕಡೆ ಅರ್ಧ. ಅಷ್ಟರಲ್ಲಿ ಅಜ್ಜಿ ಸೊಂಟ ಹಿಡಿದುಕೊಂಡು ಬಾಗಿಲಿಗೆ ಬಂದು, ವಿಷಯವನ್ನು ಉಮ್ಮನಿಂದ ಕೇಳಿ, "ಯಾ ಅಲ್ಲಾ! ನಾನು ಅದರಲ್ಲಿ ದೋಸೆ ಹೊಯ್ದೆನಾ?" ಎಂದು ಬಾಯಿಗೆ ಕೈ ಇಟ್ಟುಕೊಂಡರು.

ಲೀಲಕ್ಕ ತಲೆ ಎತ್ತಿದರು. ಅವರ ಕಣ್ಣು ತುಂಬಿತ್ತು. ಬಾಯಿಯ ಒಂದು ಮೂಲೆಯಲ್ಲಿ ಮಾತ್ರ ನಗು ತಡೆಯಲು ಆಗುತ್ತಿರಲಿಲ್ಲ.

"ಅಂಟುತ್ತದಾ ಅಜ್ಜಿ?"

"ಒಂದೂ ಅಂಟುವುದಿಲ್ಲ ಮಗಾ," ಎಂದರು ಅಜ್ಜಿ, ಹೆದರಿಕೊಂಡೇ.

"ಅವನ ಕೈಯಲ್ಲಿ ಯಾವ ಬಟ್ಟೆಯಾದರೂ ಮೆತ್ತಗೆ ಆಗುತ್ತಿತ್ತು." ಅವರು ಕತ್ತಿನಿಂದ ಟೇಪು ತೆಗೆದು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದರು. "ಹೋಗು, ಬಿಸಿನೀರು ಮತ್ತು ಸಾಬೂನು ತಾ. ಕತ್ತರಿ ಎಲ್ಲಿ ಉಂಟು? ಸೂಜಿ ತಾ, ಎರಡು."

ಆ ಭಾನುವಾರ ಮಧ್ಯಾಹ್ನದವರೆಗೆ ಲೀಲಕ್ಕ ನಮ್ಮ ನಡುಕೋಣೆಯಲ್ಲಿ ಕೂತು ಕೆಲಸ ಮಾಡಿದರು. ಉಳಿದ ಅಂಚುಗಳನ್ನು ಬೆರಳಗಲದ ಪಟ್ಟಿಯಾಗಿ ಕತ್ತರಿಸಿ, ಸಾಬೂನು ನೀರಿನಲ್ಲಿ ಅದ್ದಿ, ಹಳೆಯ ಪತ್ರಿಕೆಗಳ ನಡುವೆ ಒತ್ತಿ ಎಣ್ಣೆ ತೆಗೆದರು. ಪೂರ್ತಿ ಹೋಗಲಿಲ್ಲ. ನಾನು ಹೊಲಿದಿದ್ದ ಅಂಚನ್ನು ಎರಡು ಕಡೆ ಬಿಚ್ಚಿಸಿದರು. ಅಲ್ಲಿ ತಮ್ಮನ ಪಟ್ಟಿಯನ್ನು, ಅವನ ಹೊಲಿಗೆಗೆ ಸೂಜಿ ತಾಗದ ಹಾಗೆ, ಕೂಡಿಸಬೇಕು. ಒಂದು ಕಡೆ ಅವರು ಹೊಲಿದರು, ಅರ್ಧ ಉಳಿದ ಕಡೆಯದನ್ನು ನನ್ನಿಂದ ಹೊಲಿಸಿದರು.

"ನೀನು ಹೊಲಿದದ್ದು ಕೆಟ್ಟದಿಲ್ಲ," ಎಂದರು ಒಮ್ಮೆ, ನನ್ನ ಕಡೆ ನೋಡದೆ. "ಅದೇ ತೊಂದರೆ. ಕೆಟ್ಟದಾಗಿದ್ರೆ ನನಗೆ ಆವತ್ತೇ ಗೊತ್ತಾಗ್ತಿತ್ತು."

ಉಪ್ಪ ಹಾಯಿ ಕಟ್ಟಿದರು, ಇಪ್ಪತ್ತೆರಡು ಗಂಟು. ಈಗ ಅದರಲ್ಲಿ ನಡುವೆ ಉಮ್ಮನ ನಮಾಝಿನ ಬಟ್ಟೆ, ಎರಡು ಬದಿ ದಿನೇಶನ ಅಂಚು, ಸುತ್ತ ಮೂವರ ಹೊಲಿಗೆ. ಅಂಚಿನಲ್ಲಿ ಎಣ್ಣೆಯ ಹಳದಿ ಗೆರೆ. ಅಜ್ಜಿ ಬೇರೆ ಬಟ್ಟೆ ಹುಡುಕಿ ಹೊಸ ದೋಸೆ ಹೊಯ್ಯುತ್ತೇನೆಂದು ಹೊರಟಾಗ ಲೀಲಕ್ಕ ಬಿಡಲಿಲ್ಲ. ಬೆಳಿಗ್ಗೆ ಮಡಿಚಿಟ್ಟದ್ದನ್ನೇ, ತಣ್ಣಗಾದದ್ದನ್ನೇ, ಕಾಯಿ ಬೆಲ್ಲದ ಜೊತೆ ತಿಂದರು. ಮೂರು ದೋಸೆ. ಉಳಿದ ಬಟ್ಟೆಯನ್ನು, ಕಪ್ಪಾಗಿ ತೂತು ಬಿದ್ದ ನಡುವಿನ ಭಾಗವನ್ನು, ನನ್ನ ಕೈಗೆ ಕೊಟ್ಟರು.

"ಇದು ನೀನು ಇಟ್ಟುಕೋ. ಬುಟ್ಟಿಗೆ ಅಲ್ಲ."

ಅವರು ಹೋದ ಮೇಲೆ ಉಪ್ಪ ಪುಸ್ತಕವನ್ನು ನನ್ನಿಂದ ಕಿತ್ತುಕೊಳ್ಳುತ್ತಾರೆ ಎಂದು ಕಾದೆ. ನಾನು ಆ ಸಾಲನ್ನು ಹೊಡೆದುಹಾಕಲು ಪೆನ್ನು ತೆಗೆದಾಗ ಅವರು ಕೈ ಅಡ್ಡ ಇಟ್ಟರು.

"ಹೊಡೆಯಬೇಡ. ಅದು ಇರಲಿ. ಕೆಳಗೆ ಬರೆ."

ಬರೆದೆ. ಬ್ಲೀಚಿಂಗ್ ಪೌಡರ್ ಎರಡು ಚಮಚ ಎಂಬುದನ್ನೂ ಬರೆದೆ. ಅವರು ಎರಡನ್ನೂ ಓದಿಸಿದರು, ಮೊದಲು ಸುಳ್ಳು, ಆಮೇಲೆ ನಿಜ. ಕೇಳಿ, ತಲೆಯಾಡಿಸಿ, ಕಿವಿಯ ಮೇಲಿನ ಬಡಗಿ ಪೆನ್ಸಿಲು ತೆಗೆದು, ಸ್ಕೇಲಿಲ್ಲದೆ, ನನ್ನ ಐದು ಕಾಲಂಗಳ ಪಕ್ಕ ಆರನೆಯದೊಂದನ್ನು ಎಳೆದರು. ಗೆರೆ ಸ್ವಲ್ಪ ಓರೆಯಾಯಿತು. ಮೇಲೆ ಅವರೇ, ಒಂದೊಂದು ಅಕ್ಷರಕ್ಕೆ ನಿಂತು ನಿಂತು, ಬರೆದರು: "ತೆಗೆದದ್ದು." ಆ ಪುಸ್ತಕದಲ್ಲಿ ಉಪ್ಪನ ಕೈಬರಹ ಇರುವುದು ಅದೊಂದೇ. "ಹಾಕಿದ್ದು ಎಲ್ಲರಿಗೂ ಕಾಣ್ತದೆ," ಎಂದರು. "ತೆಗೆದದ್ದು ನಾವು ಬರೆದ್ರೆ ಮಾತ್ರ ಉಂಟು."

ಅಂದಿನಿಂದ ಹಡಗಿನಿಂದ ತೆಗೆದದ್ದು ಏನೇ ಆಗಿರಲಿ, ಕೊಳೆತ ದಾರ, ತುಕ್ಕು ಹಿಡಿದ ಮೊಳೆ, ಬಾವುಟದ ಚೂರು, ಅದನ್ನು ಒಂದು ಲಕೋಟೆಗೆ ಹಾಕಿ ಸಂಖ್ಯೆ ಬರೆಯುತ್ತೇವೆ. ಮದುವೆ ಕಾಗದಗಳ ಲಕೋಟೆಗಳನ್ನು ಉಮ್ಮ ಇದಕ್ಕೆಂದೇ ತೆಗೆದಿಡುತ್ತಾರೆ. ಹಡಗಿನವರು ಕೇಳಿದರೆ ಕೊಡುವುದು, ಕೇಳದಿದ್ದರೆ ನಮ್ಮಲ್ಲಿಯೇ. ನಾನು ಈಗ ಮೂಡುಬಿದಿರೆಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತೇನೆ. ನನ್ನ ಕೈಯಲ್ಲಿ ಏನಾದರೂ ಚೆಲ್ಲಿದರೆ, ಚೆಲ್ಲಿತು ಎಂದೇ ಬರೆಯುತ್ತೇನೆ. ಜೊತೆಯವರಿಗೆ ಅದು ವಿಚಿತ್ರವಾಗಿ ಕಾಣುತ್ತದೆ. ವಾರದ ಕೊನೆಗೆ ಮನೆಗೆ ಬಂದರೆ ನಡುಕೋಣೆಯಲ್ಲಿ ಅದೇ ಮೇಜು, ಅದೇ ಮೇಣದ ವಾಸನೆ. ಅಜ್ಜಿ ಈಗಿಲ್ಲ, ಆದರೂ ಊಟಕ್ಕೆ ಮೊದಲು ಎಣಿಸುತ್ತೇವೆ. ಉಪ್ಪನ ಹಡಗಿಗೆ ಇನ್ನೂ ಹಾಯಿಮರ ಬಂದಿಲ್ಲ.

ಈವರೆಗೆ ಬಂದ ಹಡಗುಗಳು ಅರವತ್ತಮೂರು. ಲಕೋಟೆಗಳು ನಲವತ್ತೇಳು, ಮೊದಲ ಹದಿನಾರಕ್ಕೆ ಇಲ್ಲ. ಇದುವರೆಗೆ ಯಾರೂ ಕೇಳಿಲ್ಲ, ಎಲ್ಲವೂ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿವೆ. ಯಾವುದರೊಳಗೆ ಏನಿದೆ ಎಂದು ತಿಳಿಯಲು ಪುಸ್ತಕ ನೋಡಬೇಕು, ಇಲ್ಲವೇ ತೆರೆಯಬೇಕು. ಹದಿನೇಳನೆಯದಕ್ಕೆ ಮಾತ್ರ ಎರಡೂ ಬೇಡ. ಅದರ ಕಾಗದ ಇಷ್ಟು ವರ್ಷಗಳಲ್ಲಿ ಎಣ್ಣೆ ಹೀರಿ ಹೀರಿ ಗಾಜಿನ ಹಾಗಾಗಿದೆ. ಕಿಟಕಿಯ ಬೆಳಕಿಗೆ ಹಿಡಿದರೆ ಒಳಗಿನ ಬಟ್ಟೆ ಕಾಣುತ್ತದೆ, ನಾನು ಮಾಡಿದ ತೂತುಗಳೂ ಕಾಣುತ್ತವೆ.